ಬಂಡೆಯೊಳಗಿನ ಬಿಸುಪು: ಸ್ವೀಡನ್ನಿನ ಮನೆಗಳೂ ಭೂಶಾಖದ ಪಂಪುಗಳೂ

ಶೀತ ದೇಶಗಳ ಮನೆಗಳಲ್ಲಿ ಖರ್ಚಾಗುವ ಇಂಧನದಲ್ಲಿ ದೀಪಕ್ಕೂ ಅಡುಗೆಗೂ ಸಲ್ಲುವುದು ಅಲ್ಪಭಾಗ ಮಾತ್ರ. ಯುರೋಪಿನ ಒಕ್ಕೂಟದ ದೇಶಗಳ ಲೆಕ್ಕ ತೆಗೆದರೆ ಕೋಣೆಗಳನ್ನು ಬೆಚ್ಚಗಿಡುವುದು ಮತ್ತು ಸ್ನಾನದ ನೀರು ಕಾಯಿಸುವುದು ಎಂಬ ಎರಡು ಬಾಬ್ತುಗಳೇ ಮನೆಬಳಕೆಯ ಶಕ್ತಿಯ ಮುಕ್ಕಾಲು ಪಾಲನ್ನು ನುಂಗುತ್ತವೆ. ಈ ಶಾಖವನ್ನು ಪಡೆಯಲು ಮನುಷ್ಯ ಕಟ್ಟಿಗೆ, ಕಲ್ಲಿದ್ದಲು, ತೈಲ, ಅನಿಲ ಎಂದು ಒಂದರ ನಂತರ ಒಂದನ್ನು ಉರಿಸುತ್ತ ಬಂದಿದ್ದಾನೆ. ಉರಿಸದೆಯೇ, ಮನೆಯ ಅಡಿಯಲ್ಲಿರುವ ನೆಲದಿಂದ ಶಾಖವನ್ನು ಎತ್ತಿ ತರುವ ವಿಧಾನವೊಂದು ಇದೆ; ಅದರ ಹಿಂದಿನ ತತ್ತ್ವ ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತಿತ್ತು. ಆದರೆ ಅದನ್ನು ವಿಜ್ಞಾನದ ಪುಸ್ತಕದಿಂದ ಸಾಮಾನ್ಯ ಕುಟುಂಬದ ಮನೆಗೆ ಇಳಿಸುವ ಕೆಲಸದಲ್ಲಿ ಸ್ವೀಡನ್ ಉಳಿದೆಲ್ಲ ದೇಶಗಳಿಗಿಂತ ಮುಂದೆ ಹೋಯಿತು. ಒಂದು ಕೋಟಿಗಿಂತ ತುಸು ಹೆಚ್ಚು ಜನಸಂಖ್ಯೆಯ ಆ ದೇಶದಲ್ಲಿ ಇಂದು 6 ಲಕ್ಷಕ್ಕೂ ಹೆಚ್ಚು ಭೂಶಾಖದ ಪಂಪುಗಳು ಕೆಲಸ ಮಾಡುತ್ತಿವೆ. ಇದು ಹೇಗೆ ಸಾಧ್ಯವಾಯಿತು, ಇದರ ಲಾಭ ನಿಜಕ್ಕೂ ಎಷ್ಟು, ಮತ್ತು ಆ ಲಾಭ ಎಲ್ಲಿ ಸಿಗುವುದಿಲ್ಲ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಸ್ವಭಾವವನ್ನು ತಿಳಿಯಬೇಕು. ಭೂಮಿಯ ಮೇಲ್ಮೈ ಹಗಲಿಗೆ ಕಾಯುತ್ತದೆ, ರಾತ್ರಿಗೆ ತಣಿಯುತ್ತದೆ. ಬೇಸಿಗೆಗೆ ಬೇಯುತ್ತದೆ, ಚಳಿಗಾಲಕ್ಕೆ ಹೆಪ್ಪುಗಟ್ಟುತ್ತದೆ. ಆದರೆ ಮಣ್ಣು ಮತ್ತು ಬಂಡೆ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವುದರಿಂದ ಈ ಏರಿಳಿತ ಆಳಕ್ಕಿಳಿದಂತೆಲ್ಲ ಕುಗ್ಗುತ್ತ ಹೋಗಿ, ಸುಮಾರು ಹತ್ತು ಹದಿನೈದು ಮೀಟರ್ ಆಳದಲ್ಲಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯದ ಕೆಳಗೆ 28 ಮೀಟರ್ ಆಳದಲ್ಲಿರುವ ನೆಲಮಾಳಿಗೆಯಲ್ಲಿ ಹದಿನೇಳನೆಯ ಶತಮಾನದಿಂದಲೇ ವಿಜ್ಞಾನಿಗಳು ತಾಪಮಾಪಕ ಇಟ್ಟು ನೋಡಿದ್ದರು. ರಸಾಯನ ವಿಜ್ಞಾನಿ ಲವಾಸಿಯೇ ಕೂಡ ಅಲ್ಲಿಗಾಗಿ ಸೂಕ್ಷ್ಮವಾದ ತಾಪಮಾಪಕವೊಂದನ್ನು ಮಾಡಿಸಿದ್ದನು. ಅಲ್ಲಿ ಕಂಡದ್ದು ಇಷ್ಟು: ಮೇಲೆ ಹಿಮ ಬೀಳಲಿ, ಬಿಸಿಲು ಸುಡಲಿ, ಕೆಳಗಿನ ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಅಲುಗದೆ ನಿಲ್ಲುತ್ತದೆ. ಯಾವುದೇ ಊರಿನಲ್ಲಿ ಈ ಆಳದ ಉಷ್ಣತೆ ಆ ಊರಿನ ಗಾಳಿಯ ವಾರ್ಷಿಕ ಸರಾಸರಿ ಉಷ್ಣತೆಗೆ ಹತ್ತಿರವಾಗಿರುತ್ತದೆ. ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ ಅದು 8ರಿಂದ 9 ಡಿಗ್ರಿ, ಉತ್ತರದ ತುದಿಯಲ್ಲಿ ಕೇವಲ 2ರಿಂದ 3 ಡಿಗ್ರಿ; ಹೊರಗಿನ ಗಾಳಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿದ ರಾತ್ರಿಯಲ್ಲೂ ಅದು ಅಷ್ಟೇ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅಗತ್ಯ. ಭೂಶಾಖ ಎಂದೊಡನೆ ಐಸ್‌ಲೆಂಡಿನ ಬಿಸಿನೀರಿನ ಬುಗ್ಗೆಗಳು, ಲಡಾಖಿನ ಪುಗಾ ಕಣಿವೆಯ ಕುದಿಯುವ ಊಟೆಗಳು ನೆನಪಿಗೆ ಬರುತ್ತವೆ. ಅವು ಭೂಗರ್ಭದ ಆಳದಿಂದ ಮೇಲೇರಿ ಬರುವ ಬಿಸಿಯ ಫಲ, ಅಂಥ ಜಾಗಗಳು ಭೂಮಿಯ ಮೇಲೆ ಕೆಲವೇ ಕೆಲವು. ಮನೆಯ ಪಂಪು ಬಳಸುವುದು ಅದನ್ನಲ್ಲ. ಭೂಗರ್ಭದಿಂದ ಮೇಲ್ಮೈಗೆ ಸೋರಿ ಬರುವ ಶಾಖ ಪ್ರತಿ ಚದರ ಮೀಟರಿಗೆ ಒಂದು ವ್ಯಾಟಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅದನ್ನೇ ನಂಬಿದರೆ ಒಂದು ಮನೆಗೆ ಎಕರೆಗಟ್ಟಲೆ ಜಮೀನು ಬೇಕಾದೀತು. ಮೇಲಿನ ನೂರಿನ್ನೂರು ಮೀಟರಿನ ಬಂಡೆಯಲ್ಲಿ ಕೂಡಿಬಿದ್ದಿರುವ ಬಿಸುಪು ಮುಖ್ಯವಾಗಿ ಮೇಲ್ಮೈಯ ಹವಾಮಾನದ, ಎಂದರೆ ಕೊನೆಗೆ ಸೂರ್ಯನದೇ ಕೊಡುಗೆ. ಜ್ವಾಲಾಮುಖಿ ಇರಲಿ ಇಲ್ಲದಿರಲಿ, ಬಿಸಿನೀರಿನ ಬುಗ್ಗೆ ಇರಲಿ ಇಲ್ಲದಿರಲಿ, ಎಲ್ಲ ಊರಿನಲ್ಲೂ ಅದು ಇದೆ ಎಂಬುದೇ ಈ ವಿಧಾನದ ದೊಡ್ಡ ಅನುಕೂಲ.

ಆದರೆ 8 ಡಿಗ್ರಿಯ ಬಂಡೆಯಿಂದ 21 ಡಿಗ್ರಿಯ ಕೋಣೆಗೆ ಶಾಖ ತಾನಾಗಿ ಹರಿಯದು. ಶಾಖದ ಸ್ವಾಭಾವಿಕ ದಾರಿ ಬಿಸಿಯಿಂದ ತಂಪಿನ ಕಡೆಗೆ. ಈ ದಾರಿಯನ್ನು ಹಿಂದುಮುಂದಾಗಿಸುವ ಯಂತ್ರವೇ ಶಾಖದ ಪಂಪು, ಮತ್ತು ಅದು ಎಲ್ಲರ ಮನೆಯ ಫ್ರಿಜ್ಜಿನಲ್ಲಿ ಇರುವ ಯಂತ್ರವೇ. ಫ್ರಿಜ್ಜು ಒಳಗಿನ ತರಕಾರಿಯ ಶಾಖವನ್ನು ಹೀರಿ ಬೆನ್ನ ಹಿಂದಿನ ಕೊಳವೆಗಳ ಮೂಲಕ ಅಡುಗೆಮನೆಗೆ ಬಿಡುತ್ತದೆ. ಭೂಶಾಖದ ಪಂಪು ನೆಲವನ್ನು ತಣಿಸಿ ಆ ಶಾಖವನ್ನು ಮನೆಗೆ ಬಿಡುತ್ತದೆ. ಅದರೊಳಗೆ ಶೀತಕ ಎಂಬ ದ್ರವ ಸುತ್ತುತ್ತಿರುತ್ತದೆ. ಬಹಳ ಕಡಿಮೆ ಉಷ್ಣತೆಯಲ್ಲೇ ಕುದಿಯುವುದು ಇದರ ಗುಣ. ನೆಲದಿಂದ ಬಂದ ನೀರಿನ ತಂಪಾದ ಬಿಸುಪೇ ಅದನ್ನು ಆವಿ ಮಾಡಲು ಸಾಕು. ಆ ಆವಿಯನ್ನು ಕಂಪ್ರೆಸರ್ ಒತ್ತಿ ಹಿಂಡಿದಾಗ ಅದರ ಉಷ್ಣತೆ ಏರುತ್ತದೆ. ಏರಿದ ಶಾಖವನ್ನು ಮನೆಯ ರೇಡಿಯೇಟರುಗಳಲ್ಲಿ ಅಥವಾ ನೆಲಹಾಸಿನ ಕೆಳಗಿನ ಕೊಳವೆಗಳಲ್ಲಿ ಸುತ್ತುವ ನೀರಿಗೆ ಕೊಟ್ಟು ಅದು ಮತ್ತೆ ದ್ರವವಾಗುತ್ತದೆ. ಇಕ್ಕಟ್ಟಾದ ಕವಾಟವೊಂದರ ಮೂಲಕ ಹಾಯ್ದು ಒತ್ತಡ ಕಳೆದುಕೊಂಡು ತಣ್ಣಗಾಗಿ ಮೊದಲಿನ ಜಾಗಕ್ಕೆ ಮರಳುತ್ತದೆ. ವಿದ್ಯುತ್ತು ಬೇಕಾಗುವುದು ಕಂಪ್ರೆಸರಿಗೆ ಮತ್ತು ನೀರು ಸುತ್ತಿಸುವ ಸಣ್ಣ ಪಂಪುಗಳಿಗೆ ಮಾತ್ರ. ಶಾಖವನ್ನು ಹುಟ್ಟಿಸುವ ಕೆಲಸ ಇಲ್ಲಿ ಇಲ್ಲ, ಇದ್ದ ಶಾಖವನ್ನು ಸಾಗಿಸುವ ಕೆಲಸವಷ್ಟೇ ಇದೆ. ಹೀಗಾಗಿ ಒಂದು ಯೂನಿಟ್ ವಿದ್ಯುತ್ತು ಖರ್ಚು ಮಾಡಿ ಮೂರರಿಂದ ನಾಲ್ಕು ಯೂನಿಟ್ಟಿನಷ್ಟು ಶಾಖವನ್ನು ಪಡೆಯಬಹುದು. ಈ ಅನುಪಾತವನ್ನು ಕಾರ್ಯಗುಣಾಂಕ ಎನ್ನುತ್ತಾರೆ. ಒಂದು ಯೂನಿಟ್ ವಿದ್ಯುತ್ತನ್ನು ಹೀಟರಿನ ತಂತಿಗೆ ಹರಿಸಿದರೆ ಸಿಗುವುದು ಒಂದೇ ಯೂನಿಟ್ಟಿನ ಶಾಖ.

ಈ ವಿಚಾರ ಹೊಸದಲ್ಲ. ನಂತರ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲೇ ಇಂಥ ಯಂತ್ರದಿಂದ ಕಟ್ಟಡಗಳನ್ನು ಬೆಚ್ಚಗೂ ತಂಪಾಗಿಯೂ ಇಡಬಹುದೆಂದು ವಿವರಿಸಿದ್ದನು. ಅದೇ ದಶಕದಲ್ಲಿ ಆಸ್ಟ್ರಿಯಾದ ಪೀಟರ್ ಫಾನ್ ರಿಟಿಂಗರ್ ಉಪ್ಪಿನ ನೀರನ್ನು ಇಂಗಿಸುವ ಕಾರ್ಖಾನೆಗಾಗಿ ಇದೇ ತತ್ತ್ವದ ಯಂತ್ರವನ್ನು ಕಟ್ಟಿ ತೋರಿಸಿದನು. ನೆಲದಿಂದಲೇ ಶಾಖವನ್ನು ತೆಗೆಯುವ ಕಲ್ಪನೆಗೆ ಸ್ವಿಟ್ಜರ್ಲೆಂಡಿನ ಹೈನ್ರಿಷ್ ಝೋಲಿ 1912ರಲ್ಲಿ ಪೇಟೆಂಟ್ ಪಡೆದನು. ಝೂರಿಕ್ ನಗರದ ಪುರಭವನ 1938ರಿಂದ ಲಿಮ್ಮಾತ್ ನದಿಯ ನೀರಿನಿಂದ ಶಾಖವನ್ನು ಎಳೆದುಕೊಂಡಿತು. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ 1948ರಲ್ಲಿ ಮುಗಿದ ಈಕ್ವಿಟಬಲ್ ಕಟ್ಟಡ ಅಂತರ್ಜಲದ ಶಾಖವನ್ನು ಬಳಸಿತು. ಇಷ್ಟಾದರೂ ತೈಲ ಅಗ್ಗವಾಗಿದ್ದಷ್ಟು ಕಾಲ ಈ ಯಂತ್ರ ಎಂಜಿನಿಯರುಗಳ ಕುತೂಹಲದ ವಸ್ತುವಾಗಿಯೇ ಉಳಿಯಿತು.

ನೆಲವನ್ನು ಕೊರೆಯುವ ಕಷ್ಟವಾದರೂ ಏಕೆ, ಹೊರಗಿನ ಗಾಳಿಯಿಂದಲೇ ಶಾಖ ತೆಗೆಯಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಗಾಳಿಯಿಂದ ಶಾಖ ತೆಗೆಯುವ ಪಂಪುಗಳು ಇವೆ, ಅಗ್ಗವೂ ಆಗಿವೆ. ಉತ್ತರ ಇರುವುದು ಉಷ್ಣತೆಗಳ ಅಂತರದಲ್ಲಿ. ಶಾಖವನ್ನು ಎಷ್ಟು ಎತ್ತರಕ್ಕೆ ಏರಿಸಬೇಕೋ ಅಷ್ಟು ಹೆಚ್ಚು ಕೆಲಸ ಕಂಪ್ರೆಸರಿಗೆ. ಫ್ರಾನ್ಸಿನ ಸಾದಿ ಕಾರ್ನೋ ತೋರಿಸಿಕೊಟ್ಟ ನಿಯಮದಂತೆ ಲೆಕ್ಕ ಹಾಕಿದರೆ, ನೆಲದಿಂದ ಬಂದ ದ್ರವ 0 ಡಿಗ್ರಿಯಲ್ಲಿದ್ದು ನೆಲಹಾಸಿನ ಕೊಳವೆಗೆ 35 ಡಿಗ್ರಿಯ ನೀರು ಬೇಕಾದಾಗ ಒಂದಕ್ಕೆ ಸುಮಾರು 9ರಷ್ಟು ಶಾಖ ಸಿಗುವುದು ಸಾಧ್ಯ. ಹೊರಗಿನ ಗಾಳಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿದ್ದರೆ ಆ ಮಿತಿ 6ಕ್ಕಿಂತ ಕೆಳಗಿಳಿಯುತ್ತದೆ. ನಿಜವಾದ ಯಂತ್ರಗಳು ಈ ಮಿತಿಯ ಅರ್ಧದಷ್ಟನ್ನು ಮುಟ್ಟಿದರೆ ಒಳ್ಳೆಯ ಯಂತ್ರಗಳೇ. ಗಾಳಿಯ ಪಂಪಿಗೆ ಮತ್ತೊಂದು ತೊಡಕೂ ಇದೆ: ಅದರ ಹೊರಘಟಕದ ಮೇಲೆ ಹಿಮ ಕಟ್ಟುತ್ತದೆ, ಅದನ್ನು ಕರಗಿಸಲು ಆಗಾಗ ಯಂತ್ರ ಮನೆಯ ಶಾಖವನ್ನೇ ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಚಳಿ ಅತಿ ಹೆಚ್ಚಾದ ದಿನ, ಮನೆಗೆ ಶಾಖ ಅತಿ ಹೆಚ್ಚು ಬೇಕಾದ ದಿನವೇ ಗಾಳಿಯ ಪಂಪು ಸೋಲುತ್ತದೆ. ನೆಲದ ಪಂಪಿಗೆ ಆ ದಿನವೂ ಉಳಿದ ದಿನಗಳಂತೆಯೇ. ಒಂದು ಮನೆಗಿಂತ ಇಡೀ ದೇಶಕ್ಕೆ ಈ ವ್ಯತ್ಯಾಸ ಹೆಚ್ಚು ಮುಖ್ಯವಾದದ್ದು, ಏಕೆಂದರೆ ಲಕ್ಷಾಂತರ ಮನೆಗಳು ಒಂದೇ ರಾತ್ರಿಯಲ್ಲಿ ವಿದ್ಯುತ್ತಿಗೆ ಮುಗಿಬಿದ್ದರೆ ಆ ಒಂದು ರಾತ್ರಿಗಾಗಿಯೇ ವಿದ್ಯುತ್ ಸ್ಥಾವರಗಳನ್ನು ಕಟ್ಟಿ ನಿಲ್ಲಿಸಬೇಕಾಗುತ್ತದೆ.

ಸ್ವೀಡನ್ನಿನ ಕಥೆ ಆರಂಭವಾಗುವುದು ಸಂಕಟದಲ್ಲಿ. 1970ರ ಹೊತ್ತಿಗೆ ಆ ದೇಶದ ಒಟ್ಟು ಶಕ್ತಿಯ ಸುಮಾರು ಮುಕ್ಕಾಲು ಪಾಲು ಆಮದು ತೈಲದಿಂದ ಬರುತ್ತಿತ್ತು; ಮನೆಗಳ ನೆಲಮಾಳಿಗೆಯಲ್ಲಿ ತೈಲದ ಬಾಯ್ಲರ್, ಅಂಗಳದಲ್ಲಿ ತೈಲದ ಟ್ಯಾಂಕು ಇರುವುದು ಸಾಮಾನ್ಯವಾಗಿತ್ತು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ಬಿಗಿಹಿಡಿದು ಬೆಲೆ ನಾಲ್ಕು ಪಟ್ಟಾದಾಗ, ಸ್ವಂತ ತೈಲವೂ ಇಲ್ಲದ, ನೈಸರ್ಗಿಕ ಅನಿಲದ ಕೊಳವೆ ಜಾಲವೂ ಇಲ್ಲದ ಆ ದೇಶ ಬೇರೆ ದಾರಿ ಹುಡುಕಲೇಬೇಕಾಯಿತು. ಇದ್ದದ್ದು ನದಿಗಳ ಜಲವಿದ್ಯುತ್ತು, ಕಟ್ಟುತ್ತಿದ್ದ ಅಣುಸ್ಥಾವರಗಳು, ಮತ್ತು ಬಂಡೆ. ಬಾಲ್ಟಿಕ್ ಪೀಠ ಎಂದು ಭೂವಿಜ್ಞಾನಿಗಳು ಕರೆಯುವ, ನೂರಾರು ಕೋಟಿ ವರ್ಷಗಳಷ್ಟು ಹಳೆಯದಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳು ದೇಶದ ಬಹುಭಾಗದಲ್ಲಿ ಮೇಲ್ಮೈಗೆ ತೀರ ಹತ್ತಿರದಲ್ಲಿವೆ. ಬೇಸಾಯಕ್ಕೆ ಒಲ್ಲದ ಈ ಕಲ್ಲುನೆಲ ಶಾಖಕ್ಕೆ ಒಳ್ಳೆಯದು: ಒಣ ಮರಳಿಗಿಂತ ಹಲವು ಪಟ್ಟು ಹೆಚ್ಚು ಸಲೀಸಾಗಿ ಗ್ರಾನೈಟ್ ಶಾಖವನ್ನು ಸಾಗಿಸುತ್ತದೆ, ಕೊರೆದ ರಂಧ್ರ ಕುಸಿಯದೆ ನಿಲ್ಲುತ್ತದೆ, ಅಂತರ್ಜಲ ಕೆಲವೇ ಮೀಟರ್ ಕೆಳಗೆ ಸಿಕ್ಕಿ ರಂಧ್ರವನ್ನು ತುಂಬಿಕೊಳ್ಳುತ್ತದೆ.

ಎಪ್ಪತ್ತರ ದಶಕದ ಕೊನೆಗೆ ಸರಕಾರದ ನೆರವಿನಿಂದ ಪಂಪುಗಳ ಮಾರಾಟ ಏರಿತು. ಏರಿದಷ್ಟೇ ವೇಗದಲ್ಲಿ ಬಿದ್ದೂ ಹೋಯಿತು: ಎಂಬತ್ತರ ದಶಕದ ನಡುವಿಗೆ ತೈಲದ ಬೆಲೆ ಕುಸಿಯಿತು, ನೆರವು ನಿಂತಿತು, ಆತುರದಲ್ಲಿ ಹುಟ್ಟಿಕೊಂಡಿದ್ದ ಸಣ್ಣ ಕಂಪನಿಗಳು ಬಾಗಿಲು ಹಾಕಿದವು, ಅರೆಬರೆ ಜೋಡಿಸಿದ ಯಂತ್ರಗಳು ಕೈಕೊಟ್ಟು ಜನರ ವಿಶ್ವಾಸ ಹೋಯಿತು. ಸಾಮಾನ್ಯವಾಗಿ ಹೊಸ ತಂತ್ರಜ್ಞಾನಗಳ ಕಥೆ ಇಲ್ಲಿಗೆ ಮುಗಿಯುತ್ತದೆ. ಸ್ವೀಡನ್ನಿನಲ್ಲಿ ಮುಗಿಯದಿರಲು ಕಾರಣ, ಮಾರುಕಟ್ಟೆ ಮಲಗಿದ್ದಾಗಲೂ ಸಂಶೋಧನೆ, ಪರೀಕ್ಷೆ, ನಿಯಮ ರಚನೆ ನಡೆಯುತ್ತಲೇ ಇದ್ದದ್ದು. ಲುಂಡ್ ವಿಶ್ವವಿದ್ಯಾಲಯದಲ್ಲಿ ಯೋಹಾನ್ ಕ್ಲಾಸನ್ ಮತ್ತು ಪೇರ್ ಎಸ್ಕಿಲ್‌ಸನ್ ಕೊಳವೆಯಿಂದ ಶಾಖ ತೆಗೆದಾಗ ಸುತ್ತಲಿನ ಬಂಡೆ ಎಷ್ಟು ವರ್ಷಗಳಲ್ಲಿ ಎಷ್ಟು ತಣಿಯುತ್ತದೆ ಎಂಬುದನ್ನು ಗಣಿತದಿಂದ ಬಿಡಿಸಿದರು. 1987ರಲ್ಲಿ ಎಸ್ಕಿಲ್‌ಸನ್ ಮಂಡಿಸಿದ ಪ್ರಬಂಧದ ಸೂತ್ರಗಳು ಇಂದಿಗೂ ಜಗತ್ತಿನಾದ್ಯಂತ ಇಂಥ ಕೊಳವೆಗಳ ವಿನ್ಯಾಸಕ್ಕೆ ತಳಹದಿಯಾಗಿವೆ. ಒಂದು ನಿರ್ದಿಷ್ಟ ಜಾಗದ ನೆಲ ಎಷ್ಟು ಶಾಖ ಸಾಗಿಸಬಲ್ಲದೆಂದು ಅಲ್ಲಿಯೇ ಅಳೆಯುವ ವಿಧಾನವನ್ನು ಪಾಲ್ನೆ ಮೊಗೆನ್‌ಸನ್ 1983ರಲ್ಲಿ ಸ್ಟಾಕ್‌ಹೋಮಿನಲ್ಲಿ ಮಂಡಿಸಿದನು.

ತೊಂಬತ್ತರ ದಶಕದಲ್ಲಿ ಎರಡು ಸಂಗತಿಗಳು ಕೂಡಿಬಂದವು. 1991ರಲ್ಲಿ ಸ್ವೀಡನ್ ಇಂಗಾಲದ ತೆರಿಗೆಯನ್ನು ಹೇರಿತು. ಉರಿಸಿದ ಇಂಧನದಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನ ಪ್ರತಿ ಟನ್ನಿಗೆ ಆಗ 250 ಕ್ರೋನರ್ ಇದ್ದ ತೆರಿಗೆ ಮುಂದೆ ಐದು ಪಟ್ಟಿಗೂ ಹೆಚ್ಚಾಯಿತು, ಮನೆ ಬೆಚ್ಚಗಿಡುವ ತೈಲ ಐಷಾರಾಮದ ವಸ್ತುವಾಯಿತು. ಅದರ ಜೊತೆಗೆ ನುಟೆಕ್ ಎಂಬ ಸರಕಾರಿ ಸಂಸ್ಥೆ ಪಂಪು ತಯಾರಕರ ನಡುವೆ ಸ್ಪರ್ಧೆ ಏರ್ಪಡಿಸಿ, ಆಗ ಇದ್ದ ಪಂಪುಗಳಿಗಿಂತ ದಕ್ಷತೆಯೂ ಹೆಚ್ಚಿರಬೇಕು, ಬೆಲೆಯೂ ಇಳಿಯಬೇಕು ಎಂಬ ಷರತ್ತು ಹಾಕಿ, ಗೆದ್ದ ಯಂತ್ರಗಳಿಗೆ ಗಿರಾಕಿಗಳನ್ನು ಮೊದಲೇ ಒಟ್ಟುಮಾಡಿಕೊಟ್ಟಿತು. ನೆರವಿನ ಹಣವನ್ನು ಹಂಚಿ ಕೈತೊಳೆದುಕೊಳ್ಳುವುದಕ್ಕಿಂತ ಇದು ಜಾಣತನದ ಕ್ರಮವೆಂದೇ ಹೇಳಬೇಕು. ಇಂದು ಅಲ್ಲಿನ ಬಿಡಿ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಬಗೆಯ ಶಾಖದ ಪಂಪನ್ನು ಹೊಂದಿವೆ. ತೈಲದ ಬಾಯ್ಲರ್ ಹೆಚ್ಚುಕಡಿಮೆ ಮಾಯವಾಗಿದೆ.

ಅಲ್ಲಿನ ಒಂದು ಸಾಮಾನ್ಯ ಮನೆಯಲ್ಲಿ ಈ ವ್ಯವಸ್ಥೆ ಹೇಗಿರುತ್ತದೆಂಬುದು ಕೊಳವೆ ಬಾವಿ ಕೊರೆಯುವುದನ್ನು ಕಂಡಿರುವ ಕರ್ನಾಟಕದ ಓದುಗರಿಗೆ ಸುಲಭವಾಗಿ ಅರ್ಥವಾಗುತ್ತದೆ. ಬೋರ್‌ವೆಲ್ ಲಾರಿಯಂಥದೇ ಯಂತ್ರ ಬಂದು, ಗಾಳಿಯ ಒತ್ತಡದಿಂದ ಕುಟ್ಟುವ ಸುತ್ತಿಗೆಯಿಂದ ಒಂದೆರಡು ದಿನಗಳಲ್ಲಿ 100ರಿಂದ 200 ಮೀಟರ್, ಎಂದರೆ ಸುಮಾರು ಮುನ್ನೂರ ಮೂವತ್ತರಿಂದ ಆರುನೂರೈವತ್ತು ಅಡಿ ಆಳದ, ಗೇಣಿಗಿಂತ ಕಿರಿದಾದ ರಂಧ್ರವನ್ನು ಕೊರೆಯುತ್ತದೆ. ಮೇಲಿನ ಸಡಿಲ ಮಣ್ಣಿನ ಭಾಗಕ್ಕೆ ಕೇಸಿಂಗ್ ಪೈಪು ಇಳಿಸುತ್ತಾರೆ. ಆದರೆ ಈ ಬಾವಿಯಿಂದ ನೀರೆತ್ತುವುದಿಲ್ಲ. ತಳದಲ್ಲಿ ತಿರುವು ಇರುವ ಪಾಲಿಥೀನ್ ಕೊಳವೆಯೊಂದನ್ನು ಅದರೊಳಗೆ ಇಳಿಬಿಟ್ಟು, ಹೆಪ್ಪುಗಟ್ಟದಂತೆ ಆಲ್ಕೊಹಾಲ್ ಬೆರೆಸಿದ ನೀರನ್ನು ಅದರಲ್ಲಿ ಮುಚ್ಚಿದ ವರ್ತುಲವಾಗಿ ಸುತ್ತಿಸುತ್ತಾರೆ. ಇಳಿಯುವಾಗ ತಣ್ಣಗಿದ್ದ ದ್ರವ ಏರುವಾಗ ಬಂಡೆಯಿಂದ ಮೂರ್ನಾಲ್ಕು ಡಿಗ್ರಿ ಬಿಸಿಯಾಗಿ ಬರುತ್ತದೆ. ಪಂಪಿಗೆ ಅಷ್ಟೇ ಸಾಕು. ಕೊಳವೆಯ ಪ್ರತಿ ಮೀಟರಿನಿಂದ ಅಂದಾಜು 30ರಿಂದ 40 ವ್ಯಾಟ್ ಎಳೆಯಬಹುದಾದ್ದರಿಂದ 150 ಮೀಟರಿನ ಕೊಳವೆ ಸುಮಾರು 5 ಕಿಲೋವ್ಯಾಟ್ ಶಾಖ ಕೊಡುತ್ತದೆ, ಕಂಪ್ರೆಸರಿನ ವಿದ್ಯುತ್ತೂ ಶಾಖವಾಗಿಯೇ ಅದಕ್ಕೆ ಸೇರಿಕೊಳ್ಳುತ್ತದೆ. ಪಂಪು ಮನೆಯೊಳಗೆ ದೊಡ್ಡ ಫ್ರಿಜ್ಜಿನಷ್ಟೇ ಜಾಗದಲ್ಲಿ ನಿಲ್ಲುತ್ತದೆ. ಅಂಗಳದಲ್ಲಿ ಕಾಣುವುದು ಒಂದು ಮುಚ್ಚಳ ಮಾತ್ರ, ಬಹಳ ಕಡೆ ಅದೂ ಹುಲ್ಲಿನಡಿ ಮರೆಯಾಗಿರುತ್ತದೆ. ಜಾಗ ವಿಶಾಲವಾಗಿದ್ದು ಮಣ್ಣು ಆಳವಾಗಿದ್ದರೆ ಕೊರೆಯುವ ಬದಲು ಒಂದು ಮೀಟರ್ ಆಳದಲ್ಲಿ ನೂರಾರು ಮೀಟರ್ ಕೊಳವೆಯನ್ನು ಅಡ್ಡಡ್ಡಲಾಗಿ ಹೂಳುವುದೂ ಉಂಟು. ಕೆರೆಯ ಪಕ್ಕದ ಮನೆಯವರು ಅದನ್ನು ಕೆರೆಯ ತಳದಲ್ಲಿ ಹಾಸುತ್ತಾರೆ.

ಲಾಭವನ್ನು ಲೆಕ್ಕದಲ್ಲಿ ಹೇಳುವುದಾದರೆ, ವರ್ಷಕ್ಕೆ 20,000 ಯೂನಿಟ್ ಶಾಖ ಬೇಡುವ ಮನೆಯನ್ನು ನೇರ ವಿದ್ಯುತ್ ಹೀಟರಿನಿಂದ ಬೆಚ್ಚಗಿಟ್ಟರೆ 20,000 ಯೂನಿಟ್ಟಿನ ಬಿಲ್ಲು ಬರುತ್ತದೆ. ವರ್ಷದ ಸರಾಸರಿ ಕಾರ್ಯಗುಣಾಂಕ 3 ಇರುವ ಭೂಶಾಖದ ಪಂಪು ಅದೇ ಕೆಲಸವನ್ನು 7,000ಕ್ಕಿಂತ ಕಡಿಮೆ ಯೂನಿಟ್ಟಿನಲ್ಲಿ ಮುಗಿಸುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಹೊರತಂದ ಅಧ್ಯಯನವೂ ಇದೇ ಮಾತನ್ನು ಹೇಳಿತ್ತು: ನೇರ ವಿದ್ಯುತ್ ಹೀಟರ್ ಮತ್ತು ಮಾಮೂಲಿ ಎ.ಸಿ.ಗಳ ಜೋಡಿಗೆ ಹೋಲಿಸಿದರೆ ಭೂಶಾಖದ ಪಂಪು ಶಕ್ತಿಯ ಬಳಕೆಯನ್ನು 72 ಶೇಕಡಾದವರೆಗೂ, ಗಾಳಿಯ ಪಂಪಿಗೆ ಹೋಲಿಸಿದರೆ 44 ಶೇಕಡಾದವರೆಗೂ ಇಳಿಸಬಲ್ಲದು. ಆ ಬಳಿಕ ಗಾಳಿಯ ಪಂಪುಗಳು ಬಹಳ ಸುಧಾರಿಸಿರುವುದರಿಂದ ಎರಡನೆಯ ಅಂಕಿಯನ್ನು ಇಂದು ಹಾಗೆಯೇ ನಂಬಬಾರದು. ಇನ್ನು ಬಾಳಿಕೆ. ಮಳೆ, ಹಿಮ, ಬಿಸಿಲು ತಾಗದೆ ಮನೆಯೊಳಗೇ ಇರುವುದರಿಂದ ಪಂಪು ಇಪ್ಪತ್ತು ವರ್ಷಗಳ ಆಚೀಚೆ ಬಾಳುತ್ತದೆ, ನೆಲದೊಳಗಿನ ಕೊಳವೆ ಐವತ್ತು ವರ್ಷಕ್ಕೂ ಮೀರಿ ಉಳಿಯುತ್ತದೆಂಬುದು ಅಂದಾಜು; ಎರಡನೆಯ ಪಂಪು ಕೂರಿಸುವಾಗ ಮತ್ತೆ ಕೊರೆಯಬೇಕಿಲ್ಲ. ಮನೆಯೊಳಗೆ ಏನೂ ಉರಿಯದ ಕಾರಣ ಹೊಗೆಗೊಳವೆ ಬೇಡ, ವಿಷಾನಿಲದ ಭಯವಿಲ್ಲ, ತೈಲ ಸೋರಿ ಬಾವಿಯ ನೀರು ಕೆಡುವ ಆತಂಕವಿಲ್ಲ. ಹೊರಗೆ ಫ್ಯಾನು ಇಲ್ಲವಾದ್ದರಿಂದ ನೆರೆಮನೆಯವರಿಗೆ ಸದ್ದಿನ ಕಿರಿಕಿರಿಯೂ ಇಲ್ಲ.

ತಂಪು ಮಾಡುವ ಅನುಕೂಲವನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಅದು ಶೀತ ದೇಶದಲ್ಲಿ ಹೆಚ್ಚುಕಡಿಮೆ ಪುಕ್ಕಟೆಯಾಗಿ ಸಿಗುತ್ತದೆ. ಬೇಸಿಗೆಯ ಬಿಸಿ ದಿನಗಳಲ್ಲಿ ಕಂಪ್ರೆಸರನ್ನು ನಿಲ್ಲಿಸಿ, ಹತ್ತು ಡಿಗ್ರಿಯ ಆಸುಪಾಸಿನಲ್ಲಿರುವ ಬಂಡೆಯ ದ್ರವವನ್ನು ನೇರವಾಗಿ ಮನೆಯ ತಂಪಿನ ಸುರುಳಿಗೆ ಹರಿಸಿದರೆ ಸಾಕು. ವಿದ್ಯುತ್ತು ಬೇಕಾಗುವುದು ದ್ರವ ಸುತ್ತಿಸುವ ಸಣ್ಣ ಪಂಪಿಗೆ ಮಾತ್ರ. ಮನೆಯಿಂದ ಹೀಗೆ ಹೊರಹೋದ ಶಾಖ ಬಂಡೆಯನ್ನು ಸೇರಿ ಮುಂದಿನ ಚಳಿಗಾಲಕ್ಕೆ ಜಮೆಯಾಗುತ್ತದೆ. ಸ್ಟಾಕ್‌ಹೋಮಿನ ಆರ್ಲಾಂಡಾ ವಿಮಾನ ನಿಲ್ದಾಣ 2009ರಿಂದ ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ನಡೆಸುತ್ತಿದೆ: ಮರಳು, ಜಲ್ಲಿಗಳ ದಿಣ್ಣೆಯೊಳಗಿನ ಅಂತರ್ಜಲವನ್ನು ಬೇಸಿಗೆಯಲ್ಲಿ ತಂಪಿಗೆ ಬಳಸಿ ಬೆಚ್ಚಗಾದ ನೀರನ್ನು ನೆಲಕ್ಕೆ ಹಿಂದಿರುಗಿಸುತ್ತದೆ, ಚಳಿಗಾಲದಲ್ಲಿ ಅದೇ ನೀರಿನಿಂದ ವಿಮಾನಗಳು ನಿಲ್ಲುವ ಜಾಗದ ಹಿಮ ಕರಗಿಸುತ್ತದೆ, ಕಟ್ಟಡದೊಳಗೆ ಬರುವ ಹೊರಗಾಳಿಯನ್ನು ಬೆಚ್ಚಗಾಗಿಸುತ್ತದೆ.

ಇಷ್ಟೆಲ್ಲ ಲಾಭಗಳ ಎದುರಿಗೆ ನಿಲ್ಲುವ ಮೊದಲ ಅಡ್ಡಿ ಆರಂಭದ ಖರ್ಚು. ಅದರಲ್ಲಿ ದೊಡ್ಡ ಪಾಲು ಕೊರೆತದ್ದು. ಅದನ್ನು ತಗ್ಗಿಸಲೆಂದು ಕೊಳವೆಯನ್ನು ಕಡಿಮೆ ಆಳಕ್ಕೆ ನಿಲ್ಲಿಸುವುದು ಅತಿ ದುಬಾರಿಯಾದ ಉಳಿತಾಯ. ಬೇಡಿಕೆಗೆ ತಕ್ಕಷ್ಟು ಬಂಡೆ ಸಿಗದಿದ್ದಾಗ ಅದು ವರ್ಷದಿಂದ ವರ್ಷಕ್ಕೆ ತಣಿಯುತ್ತ ಹೋಗಿ, ಕಾರ್ಯಗುಣಾಂಕ ಇಳಿದು, ಕೊನೆಗೆ ಕೊಳವೆಯ ಸುತ್ತಲಿನ ನೀರೇ ಹೆಪ್ಪುಗಟ್ಟಿ ಪ್ಲಾಸ್ಟಿಕ್ ಪೈಪನ್ನು ಹಿಚುಕಿಬಿಡಬಹುದು. ಸರಿಯಾದ ಆಳವಿದ್ದರೆ ಮೊದಲ ಕೆಲವು ವರ್ಷ ತುಸು ತಣಿದ ಬಂಡೆ ನಂತರ ಒಂದು ಸ್ಥಿತಿಗೆ ಬಂದು ನಿಲ್ಲುತ್ತದೆ. ನೆರೆಹೊರೆಯವರ ಕೊಳವೆಗಳು ಒತ್ತೊತ್ತಾಗಿದ್ದರೆ ಒಬ್ಬರ ಶಾಖಕ್ಕೆ ಇನ್ನೊಬ್ಬರು ಕೈಹಾಕಿದಂತಾಗುವುದರಿಂದ ಸ್ವೀಡನ್ನಿನಲ್ಲಿ ಎರಡು ಕೊಳವೆಗಳ ನಡುವೆ 20 ಮೀಟರ್ ಅಂತರ ಇರಬೇಕೆಂದು ಸೂಚಿಸಲಾಗುತ್ತದೆ. ಕೊರೆದ ಬಾವಿಗಳ ವಿವರವನ್ನು ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಸಲ್ಲಿಸಬೇಕೆಂಬ ಕಾನೂನು ಅಲ್ಲಿ ಎಪ್ಪತ್ತರ ದಶಕದಿಂದಲೇ ಇದೆ. ಯಾವ ಊರಿನಲ್ಲಿ ಯಾವ ಆಳಕ್ಕೆ ಬಂಡೆ, ಎಲ್ಲಿ ನೀರು ಎಂಬ ಮಾಹಿತಿ ಹೀಗೆ ದಶಕಗಳಿಂದ ಕೂಡಿಬಿದ್ದಿರುವುದೂ ಅಲ್ಲಿನ ಯಶಸ್ಸಿನ ಪಾಲುದಾರನೇ.

ನೆಲದ ಗುಣ ತಿಳಿಯದೆ ಕೊರೆದರೆ ಏನಾಗುತ್ತದೆಂಬುದಕ್ಕೆ ಜರ್ಮನಿಯ ಸ್ಟೌಫೆನ್ ಎಂಬ ಪುಟ್ಟ ಹಳೆಯ ಪಟ್ಟಣ ಸಾಕ್ಷಿ. 2007ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪುರಭವನಕ್ಕೆ ಶಾಖ ಒದಗಿಸಲೆಂದು ಸುಮಾರು 140 ಮೀಟರ್ ಆಳದ ಏಳು ರಂಧ್ರಗಳನ್ನು ಕೊರೆದರು. ಕೆಳಗೆ ಅನ್‌ಹೈಡ್ರೈಟ್ ಎಂಬ, ನೀರಿನಂಶವಿಲ್ಲದ ಖನಿಜದ ಪದರವಿತ್ತು. ಕೊರೆದ ದಾರಿಯಲ್ಲಿ ಅಂತರ್ಜಲ ನುಗ್ಗಿ ಆ ಪದರವನ್ನು ಸೇರಿದಾಗ ಅದು ನೀರನ್ನು ಹೀರಿ ಜಿಪ್ಸಮ್ ಆಗತೊಡಗಿತು, ಮತ್ತು ಹಾಗೆ ಮಾರ್ಪಡುವಾಗ ಅದರ ಗಾತ್ರ 60 ಶೇಕಡಾದಷ್ಟು ಹಿಗ್ಗುತ್ತದೆ. ಪಟ್ಟಣದ ನೆಲ ಉಬ್ಬಿ 250ಕ್ಕೂ ಹೆಚ್ಚು ಕಟ್ಟಡಗಳ ಗೋಡೆ ಬಿರುಕುಬಿಟ್ಟವು. ಶತಮಾನಗಳಷ್ಟು ಹಳೆಯ ಮನೆಗಳ ಊರು ಅದು. ತಪ್ಪು ಭೂಶಾಖದ ತತ್ತ್ವದ್ದಲ್ಲದಿದ್ದರೂ, ಕೊಳವೆಯ ಸುತ್ತ ಸರಿಯಾಗಿ ಗಾರೆ ತುಂಬಿ ನೀರಿನ ದಾರಿ ಮುಚ್ಚುವುದು, ಭೂವಿಜ್ಞಾನಿಯನ್ನು ಮೊದಲೇ ಕೇಳುವುದು ಏಕೆ ಅಗತ್ಯವೆಂದು ಆ ಬಿರುಕುಗಳು ತೋರಿಸುತ್ತವೆ.

ಪರಿಸರದ ಲಾಭದ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಕಲ್ಲಿದ್ದಲಿನ ಸ್ಥಾವರದಲ್ಲಿ 100 ಪಾಲು ಶಾಖ ಉರಿದರೆ ವಿದ್ಯುತ್ತಾಗಿ ಬರುವುದು ಸುಮಾರು 35 ಪಾಲು. ಅದನ್ನು ಪಂಪು ಮೂರು ಪಟ್ಟು ಮಾಡಿದರೂ ಮನೆಗೆ ದೊರೆತದ್ದು 105 ಪಾಲು. ಒಳ್ಳೆಯ ಅನಿಲದ ಬಾಯ್ಲರ್ 90 ಪಾಲನ್ನು ನೇರವಾಗಿಯೇ ಕೊಡುತ್ತದೆ, ಕಲ್ಲಿದ್ದಲಿಗಿಂತ ಕಡಿಮೆ ಇಂಗಾಲ ಬಿಡುತ್ತದೆ. ಸ್ವೀಡನ್ನಿನ ವಿದ್ಯುತ್ತು ಬಹುತೇಕ ಜಲ, ಅಣು ಮತ್ತು ಗಾಳಿಯಿಂದ ಬರುವುದರಿಂದಲೇ ಅಲ್ಲಿ ಈ ಪಂಪು ಬಹುಮಟ್ಟಿಗೆ ಶುದ್ಧ. ವಿದ್ಯುತ್ತು ಕೊಳಕಾಗಿರುವ ದೇಶದಲ್ಲಿ ಪಂಪಿನ ಜಾಹೀರಾತುಗಳು ಹೇಳುವ ಹಸಿರು ಅರ್ಧಸತ್ಯ. ಶೀತಕದ ಮಾತೂ ಹಾಗೆಯೇ: ಬಹಳ ಕಾಲ ಬಳಕೆಯಲ್ಲಿದ್ದ ಆರ್-410ಎ ಎಂಬ ಅನಿಲ ಸೋರಿದರೆ ಅದರ ಒಂದು ಕಿಲೋ ಇಂಗಾಲದ ಡೈಆಕ್ಸೈಡಿನ ಎರಡು ಸಾವಿರ ಕಿಲೋಗಿಂತ ಹೆಚ್ಚಿನ ತಾಪ ತರುತ್ತದೆ, ಅದರ ಜಾಗಕ್ಕೆ ಯುರೋಪಿನಲ್ಲಿ ಪ್ರೊಪೇನ್‌ನಂಥ, ಹವಾಮಾನಕ್ಕೆ ಹೆಚ್ಚುಕಡಿಮೆ ನಿರಪಾಯದ, ಆದರೆ ಹೊತ್ತಿಕೊಳ್ಳಬಲ್ಲ ಶೀತಕಗಳು ಬರುತ್ತಿವೆ.

ಒಬ್ಬೊಬ್ಬರೇ ಕೊರೆಸುವ ಖರ್ಚನ್ನು ಹಂಚಿಕೊಳ್ಳುವ ಪ್ರಯತ್ನಗಳು ಅಮೆರಿಕದಲ್ಲಿ ನಡೆದಿವೆ. ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯ ಸುಮಾರು 3,600 ಕೊಳವೆಗಳನ್ನು ಕೊರೆಸಿ ತನ್ನ ಕಲ್ಲಿದ್ದಲಿನ ಬಾಯ್ಲರುಗಳನ್ನು 2014ರಲ್ಲಿ ಆರಿಸಿತು. ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 2024ರಲ್ಲಿ ಎವರ್‌ಸೋರ್ಸ್ ಎಂಬ ಅನಿಲ ಪೂರೈಕೆಯ ಕಂಪನಿಯೇ ಬೀದಿಯಡಿ ನೀರಿನ ವರ್ತುಲ ಹಾಕಿ ಮೂವತ್ತಕ್ಕೂ ಹೆಚ್ಚು ಕಟ್ಟಡಗಳನ್ನು ಜೋಡಿಸಿತು. ಅನಿಲದ ಕೊಳವೆ ಹೂಳುತ್ತಿದ್ದ ಕಾರ್ಮಿಕರಿಗೆ ಅದೇ ಕಸುಬು ಮುಂದುವರಿಯುತ್ತದೆ, ಕೊಳವೆಯೊಳಗೆ ಹರಿಯುವುದು ಮಾತ್ರ ನೀರು.

ಕರ್ನಾಟಕದ ಮಟ್ಟಿಗೆ ಏನು? ಧಾರವಾಡ ಪೀಠದ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಸ್ವೀಡನ್ನಿನ ಬಂಡೆಯ ಸೋದರರೇ. ಕೊರೆಯುವ ಯಂತ್ರಗಳಿಗೂ ಕೊರೆಯುವವರಿಗೂ ಕೊರತೆಯಿಲ್ಲ. ಆದರೂ ಲೆಕ್ಕ ಕೂಡಿಬರುವುದಿಲ್ಲ. ಇಲ್ಲಿನ ಮನೆಗಳಿಗೆ ಬೇಕಾದದ್ದು ಬಿಸಿಯಲ್ಲ, ತಂಪು. ಬೆಂಗಳೂರಿನಲ್ಲಿ ಗಾಳಿಯ ವಾರ್ಷಿಕ ಸರಾಸರಿಯೇ ಸುಮಾರು 24 ಡಿಗ್ರಿ ಇರುವಾಗ ನೆಲವೂ ಅದಕ್ಕಿಂತ ತಂಪಾಗಿರದು, ಸಂಜೆಯ ಗಾಳಿ ನೆಲಕ್ಕಿಂತ ಹಿತವಾಗಿರುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟುವ ಕಲಬುರಗಿ, ರಾಯಚೂರುಗಳಲ್ಲಿ ನೆಲ ಖಂಡಿತವಾಗಿ ಗಾಳಿಗಿಂತ ತಂಪು. ಆದರೆ ಅಲ್ಲಿ ವರ್ಷವಿಡೀ ಶಾಖವನ್ನು ನೆಲಕ್ಕೆ ಸುರಿಯುತ್ತ ಹೋದರೆ ಹಿಂದಕ್ಕೆ ತೆಗೆಯುವ ಚಳಿಗಾಲವೇ ಇಲ್ಲದೆ ಬಂಡೆ ಕ್ರಮೇಣ ಕಾಯುತ್ತದೆ, ಲಾಭ ಕರಗುತ್ತದೆ. ಇನ್ನೊಂದು ತೊಡಕು ಅಂತರ್ಜಲದ್ದು: ರಂಧ್ರದಲ್ಲಿ ನೀರು ನಿಂತ ಆಳದಲ್ಲಿ ಮಾತ್ರ ಬಂಡೆಗೂ ಕೊಳವೆಗೂ ಸಂಪರ್ಕ ಚೆನ್ನಾಗಿರುತ್ತದೆ. ನೀರು ನೂರಾರು ಅಡಿ ಕೆಳಗಿಳಿದಿರುವ ಜಿಲ್ಲೆಗಳಲ್ಲಿ ಮೇಲಿನ ಒಣ ಭಾಗಕ್ಕೆಲ್ಲ ಬೆಂಟೊನೈಟ್ ಜೇಡಿಯ ಗಾರೆ ತುಂಬಬೇಕು, ಖರ್ಚು ಇನ್ನೂ ಏರುತ್ತದೆ. ಸ್ನಾನಕ್ಕೂ ಒಗೆತಕ್ಕೂ ದಿನವಿಡೀ ಬಿಸಿನೀರು, ಕೋಣೆಗಳಿಗೆ ತಂಪು ಎರಡನ್ನೂ ಬೇಡುವ ದೊಡ್ಡ ಆಸ್ಪತ್ರೆ, ಹೋಟೆಲುಗಳಲ್ಲಿ ಒಂದರ ಶಾಖ ಇನ್ನೊಂದಕ್ಕೆ ಒದಗುವುದರಿಂದ ಪರಿಶೀಲಿಸುವುದು ಯೋಗ್ಯವಾದೀತು. ನೆಲದ ಸ್ಥಿರ ಉಷ್ಣತೆಯನ್ನು ಬಳಸುವ ಸರಳ ವಿಧಾನವೊಂದು ಭಾರತದಲ್ಲೇ ಇದೆ: ಗುರುಗ್ರಾಮದ ಬಳಿಯ ಗ್ವಾಲ್ ಪಹಾಡಿಯಲ್ಲಿ ಟೆರಿ ಸಂಸ್ಥೆ ಕಟ್ಟಿದ ತರಬೇತಿ ಕೇಂದ್ರದಲ್ಲಿ ಗಾಳಿಯನ್ನು ನೆಲದಡಿಯ ಸುರಂಗಗಳ ಮೂಲಕ ಹಾಯಿಸಿ ಕೋಣೆಗಳಿಗೆ ಬಿಡುತ್ತಾರೆ. ಲೇಹ್, ಶ್ರೀನಗರದಂಥ ಊರುಗಳಿಗೆ ಸ್ವೀಡನ್ನಿನ ಪಾಠ ನೇರವಾಗಿ ಅನ್ವಯಿಸುತ್ತದೆ. ಕರ್ನಾಟಕದ ಸಾಮಾನ್ಯ ಮನೆಗೆ ಬಿಸಿಲು ತಡೆಯುವ ಚಾವಣಿ, ಅಡ್ಡಗಾಳಿಗೆ ಕಿಟಕಿ, ನೀರು ಕಾಯಿಸಲು ಸೋಲಾರ್ ಇವುಗಳೇ ಮೇಲು.

ಸ್ವೀಡನ್, ಕೆನಡಾ, ಅಮೆರಿಕದ ಉತ್ತರ ರಾಜ್ಯಗಳಂಥ ಚಳಿನಾಡುಗಳಲ್ಲಿ ನೆಲೆಸಿ ಮನೆ ಮಾಡಿಕೊಂಡಿರುವ ಕನ್ನಡಿಗರು ಮಾತ್ರ ಈ ಪಂಪನ್ನು ಗಂಭೀರವಾಗಿ ಯೋಚಿಸಬಹುದು. ಅವರು ಪಂಪಿಗಿಂತ ಮೊದಲು ಗೋಡೆ, ಕಿಟಕಿ, ಅಟ್ಟಗಳಿಂದ ಶಾಖ ಸೋರದಂತೆ ಮಾಡಿಸಬೇಕು, ಏಕೆಂದರೆ ಬೇಡಿಕೆ ಇಳಿದರೆ ಕೊಳವೆಯ ಆಳವೂ ಇಳಿಯುತ್ತದೆ. ರೇಡಿಯೇಟರಿಗೆ ಎಷ್ಟು ಡಿಗ್ರಿಯ ನೀರು ಬೇಕೆಂದು ನೋಡಬೇಕು; 55 ಡಿಗ್ರಿ ಬೇಡುವ ಹಳೆಯ ರೇಡಿಯೇಟರಿಗಿಂತ 35 ಡಿಗ್ರಿಯ ನೆಲಹಾಸಿನಲ್ಲಿ ಪಂಪಿನ ಬಿಲ್ಲು ಬಹಳ ಕಡಿಮೆ. ಮನೆಯ ಶಾಖದ ಬೇಡಿಕೆಯ ಲೆಕ್ಕವನ್ನೂ, ಅದಕ್ಕೆ ತಕ್ಕ ಕೊಳವೆಯ ಆಳವನ್ನೂ ಲಿಖಿತವಾಗಿ ಕೊಡದ ಗುತ್ತಿಗೆದಾರನಿಗೆ, ಅವನ ದರ ಎಷ್ಟೇ ಕಡಿಮೆಯಿದ್ದರೂ, ಮುಂಗಡ ಕೊಡಬಾರದು.